ಶಾಲೆಗೆ ಮೊದಲು ಹೋದ ಹಸು

ಹೋದ ವಾರ ನಮ್ಮೂರ ಶಾಲೆಯ ಬಾಗಿಲು ತೆರೆಯಿತು. ಮೊದಲು ಒಳಗೆ ಹೋದ ವಿದ್ಯಾರ್ಥಿ ಒಂದು ಹಸು.

ತಮಾಷೆಗೆ ಬರೆಯುತ್ತಿಲ್ಲ. ನಮ್ಮ ರುದ್ರಪ್ಪನವರ ಕೆಂದ ಹಸು. ಹಣೆಗೆ ವಿಭೂತಿ, ಕುಂಕುಮ, ಕೊಂಬಿಗೆ ಚೆಂಡುಹೂವು, ಹಿಂದೆ ಜಾಗಟೆ. ಹೆಡ್‌ಮಾಸ್ಟರು ಬಾಗಿಲ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ನಾಲ್ಕನೇ ಕ್ಲಾಸಿನ ಕೋಣೆಯಲ್ಲಿ, ಬೋರ್ಡಿನ ಕೆಳಗೆ ಅದನ್ನು ಕಟ್ಟಿ, ಹುಲ್ಲು ನೀರು ಇಟ್ಟು, ಮೂರು ದಿನ ಅಲ್ಲೇ ಬಿಟ್ಟೆವು. (ಹಾಜರಿ ಕೂಗಲಿಲ್ಲ, ಅಷ್ಟೇ.)

ಯಾಕೆ ಅಂತೀರಾ? ದೂರದ ಓದುಗರಿಗೆ ಸ್ವಲ್ಪ ಹಿಂದಿನದು ಹೇಳಬೇಕು.

ದಸರೆ ಕಳೆದ ಮೇಲೆ ಮಧುಗಿರಿ ಪೇಟೆಯಲ್ಲಿ ಇಲಿ ಬಿತ್ತು. ಮೊದಲು ಎಣ್ಣೆ ಅಂಗಡಿಯ ಸೂರಿನಿಂದ ಒಂದು, ಆಮೇಲೆ ಬೀದಿಗೊಂದು. ಇಲಿ ಬಿದ್ದರೆ ಪ್ಲೇಗು ಬಂತೆಂದೇ ಲೆಕ್ಕ, ಊರು ಬಿಡಬೇಕು. ಇದು ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ತಮಟೆ ಹೊಡೆದು ಸಾರಿದರು. ಗಂಟುಮೂಟೆ ಕಟ್ಟಿ, ಮನೆಗೆ ಬೀಗ ಹಾಕಿ, ಸಿರಾ ರಸ್ತೆ ಪಕ್ಕದ ಹೊಲಗಳಲ್ಲಿ ತಡಿಕೆ ಜೋಪಡಿ ಹಾಕಿಕೊಂಡೆವು. ನನ್ನ ಜವಳಿ ಅಂಗಡಿಯೂ ಮುಚ್ಚಿತು, ಶಾಲೆಯೂ ಮುಚ್ಚಿತು.

ನಡುವೆ ಕೆಲವು ವಾರ ಈ ಅಂಕಣ ಬರಲಿಲ್ಲ. ಸಿರಾದ ಓದುಗರೊಬ್ಬರು ರಸ್ತೆಯಲ್ಲಿ ಸಿಕ್ಕಿ, "ಏನ್ ಸ್ವಾಮಿ, ಶಾಯಿ ಮುಗೀತಾ?" ಎಂದು ನಗುತ್ತಾ ಕೇಳಿದರು. ನಾನೂ ನಕ್ಕೆ. ಇನ್ನೇನು ಮಾಡಲಿ?

ನಮ್ಮ ಕಿರಿಯ ಮಗ ಮಲ್ಲೇಶಿ ತೀರಿಕೊಂಡ. ಐದು ವರ್ಷ. ಜೋಪಡಿಗೆ ಬಂದ ಮೊದಲನೇ ವಾರದಲ್ಲೇ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗದು, ಕ್ಷಮಿಸಿ.

ಉಳಿದವಳು ನೀಲಾ. ಹತ್ತು ವರ್ಷ, ನಾಲ್ಕನೇ ಕ್ಲಾಸು.

ಈಗ ಸಂಕ್ರಾಂತಿಯೂ ಕಳೆಯಿತು. ಊರಲ್ಲಿ ಇಲಿ ಬೀಳುವುದು ನಿಂತು ಬಹಳ ದಿನವಾಗಿದೆ. ಶಾಲೆಯ ಹೆಂಚು ಇಳಿಸಿ ಒಳಗೆ ಬಿಸಿಲು ಬಿಟ್ಟರು. ಬಿಲಗಳಿಗೆ ಗಾಜಿನ ಚೂರು ಸೇರಿಸಿ ಮಣ್ಣು ಮೆತ್ತಿದರು. ಗೋಡೆಗೆ ಸುಣ್ಣ ಹೊಡೆದರು. ಮನೆಗಳ ಕೆಲಸ ಇನ್ನೂ ಮುಗಿದಿಲ್ಲ, ಆದರೆ ಶಾಲೆ ರೆಡಿ, ಮಕ್ಕಳನ್ನು ಕಳಿಸಿ ಎಂದು ಅಪ್ಪಣೆಯಾಯಿತು. ಅಂದರೆ ನಾವು ಜೋಪಡಿಯಲ್ಲಿ, ಮಕ್ಕಳು ಮಾತ್ರ ಊರೊಳಗೆ!

ಡಾಕ್ಟರು ಬಂದು ಎಲ್ಲ ಮಕ್ಕಳಿಗೂ ಸೂಜಿ ಚುಚ್ಚಿದ್ದರು. ಅವರನ್ನೇ ಹಿಡಿದು ಕೇಳಿದೆವು, ಇನ್ನು ಭಯವಿಲ್ಲ ತಾನೇ? ಡಾಕ್ಟರು ಸುಳ್ಳು ಹೇಳುವ ಜಾತಿಯಲ್ಲ. "ಅಪಾಯ ಕಮ್ಮಿ ಆಗಿದೆ. ಇಲ್ಲವೇ ಇಲ್ಲ ಅಂತ ಬರೆದುಕೊಡಲಾರೆ" ಎಂದರು. ನಿಜ ಹೇಳಿದ್ದಕ್ಕೆ ಆವತ್ತು ಅವರ ಮೇಲೆ ಎಲ್ಲರಿಗೂ ಸಿಟ್ಟು ಬಂತು, ನನಗೂ.

ಹೊಂಗೆ ಮರದ ಕೆಳಗೆ ಅಪ್ಪಂದಿರೆಲ್ಲ ಸೇರಿದೆವು. ಹೆಂಗಸರು ಆಚೆ ಪಕ್ಕ ನಿಂತಿದ್ದರು. ಕಳಿಸಬೇಕೋ, ಬೇಡವೋ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಮಾತುಗಳೇ ಎಲ್ಲರದೂ. ಕೊನೆಗೆ ರುದ್ರಪ್ಪನವರು ಗಂಟಲು ಸರಿಮಾಡಿಕೊಂಡರು. ನಮ್ಮ ಜೋಪಡಿ ಸಾಲಿಗೆಲ್ಲ ಹಿರಿಯರು ಅವರು. ಇಬ್ಬರು ಮೊಮ್ಮಕ್ಕಳು ಅದೇ ಶಾಲೆಯಲ್ಲಿದ್ದಾರೆ.

"ನೋಡ್ರಪ್ಪ, ಹೊಸ ಮನೆ ಒಕ್ಕಲಾಗಬೇಕಾದ್ರೆ ಏನ್ ಮಾಡ್ತೀವಿ? ಮೊದ್ಲು ಹಸ ನುಗ್ಗಿಸ್ತೀವಿ. ಬಾಗ್ಲು ಮುಚ್ಚಿದ್ ಇಸ್ಕೂಲೂ ಅಂಗೇಯ. ನಮ್ ಹಸ ಮೂರ್ ದಿನ ಅಲ್ಲಿರ್ಲಿ. ಅದು ಚೆಂದಾಗಿದ್ರೆ ಮಕ್ಳೂ ಚೆಂದಾಗಿರ್ತವೆ."

ಎಷ್ಟು ಜನ ನಿಟ್ಟುಸಿರು ಬಿಟ್ಟರು ಗೊತ್ತೇ? ಒಬ್ಬರಾದರೂ ಬೇಡ ಅನ್ನಬೇಕಲ್ಲ! ಹೆಡ್‌ಮಾಸ್ಟರು ಮಾತ್ರ ಮೆಲ್ಲಗೆ, "ಸ್ವಾಮಿ, ಹಸುವಿಗೆ ಈ ರೋಗ ಬರುವುದಿಲ್ಲ" ಎಂದರು.

ಅದು ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಇಷ್ಟು ವರ್ಷ ಪ್ಲೇಗು ಕಂಡ ಊರು ಇದು. ಪ್ಲೇಗಿನ ಗಡ್ಡೆ ಎದ್ದ ಹಸುವನ್ನು ಯಾರೂ ಕಂಡಿಲ್ಲ. ಹಸು ಸಾಯುವುದಿಲ್ಲ ಎಂದು ಗೊತ್ತಿದ್ದೇ ಹಸುವನ್ನು ಕಳಿಸಿದೆವು. ನಮಗೆ ಬೇಕಾಗಿದ್ದದ್ದು ಮೂರು ದಿನ. ಮಕ್ಕಳು ಕಣ್ಣೆದುರು ಆಡಿಕೊಂಡಿರುವ ಇನ್ನೂ ಮೂರು ದಿನ. ಇದಕ್ಕೆ ಯಾರಾದರೂ ಮೂಢನಂಬಿಕೆ ಎಂದರೆ ನಾನು ಅವರ ಜೊತೆ ಜಗಳಕ್ಕೆ ನಿಲ್ಲುತ್ತೇನೆ.

ಹಸು ಚೆನ್ನಾಗಿಯೇ ಹೊರಗೆ ಬಂತು. ಚೆನ್ನಾಗಿರದೆ ಇನ್ನೇನು? ಅಷ್ಟು ಹುಲ್ಲು ಈ ವರ್ಷವೆಲ್ಲ ಅದು ಕಂಡಿರಲಿಲ್ಲ.

ಮತ್ತೆ ಹೊಂಗೆ ಮರ. ಈ ಸಲ ಪ್ರಶ್ನೆ ಬೇರೆ. ಕಳಿಸುವುದು ಸರಿ, ಮೊದಲು ಯಾರ ಮಗು? ಒಬ್ಬರ ಮಗಳಿಗೆ ನೆಗಡಿ. ಇನ್ನೊಬ್ಬರ ಮಗನಿಗೆ ಸೂಜಿ ಚುಚ್ಚಿದ ಕೈಯ ಊತ ಇನ್ನೂ ಇಳಿದಿಲ್ಲ. ಮತ್ತೊಬ್ಬರ ಹುಡುಗ ಪುರವರದ ಅಜ್ಜಿ ಮನೆಯಲ್ಲಿದ್ದಾನಂತೆ. (ಬೆಳಿಗ್ಗೆ ತಾನೇ ಅವನು ನಮ್ಮ ಜೋಪಡಿ ಮುಂದೆ ಗೋಲಿ ಆಡುತ್ತಿದ್ದ.) ನಾನು ನೆಲ ನೋಡುತ್ತಾ ಕೂತಿದ್ದೆ. ತಲೆ ಎತ್ತಿದಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ರುದ್ರಪ್ಪನವರು ನನ್ನ ಪಕ್ಕಕ್ಕೆ ಬಂದು ಕೂತು, ಹೆಗಲ ಮೇಲೆ ಕೈಯಿಟ್ಟರು.

"ಬಸಣ್ಣ, ಬೇಜಾರ್ ಮಾಡ್ಕಬ್ಯಾಡ. ಪ್ಲೇಗಮ್ಮ ಒಂದು ಮನೇಲಿ ಒಂದ್ ಜೀವ ತಗಂಡ್ಮೇಲೆ ಆ ಮನೆ ಕಡೀಕೆ ತಿರುಗಿ ನೋಡಲ್ಲ. ನಮ್ಮಪ್ಪನ ಕಾಲದಿಂದ್ಲೂ ಕಂಡಿರೋ ಮಾತು. ನಿಮ್ ನೀಲಂಗೆ ಏನೂ ಆಗಲ್ಲ ಕಣಪ್ಪ. ಮೊದ್ಲು ನೀಲಾ ಹೋಗ್ಲಿ. ಅವ್ಳ ಹಿಂದೆ ನಮ್ಮವೆಲ್ಲ ಹೊಂಟ್ಬುಡ್ತವೆ."

ಓದುಗರೇ, ರುದ್ರಪ್ಪನವರನ್ನು ಕಟುಕ ಎಂದುಕೊಳ್ಳಬೇಡಿ. ಮಲ್ಲೇಶಿಯನ್ನು ಎತ್ತಿಕೊಳ್ಳಲು ಯಾರೂ ಹತ್ತಿರ ಬಾರದಿದ್ದಾಗ, ತಾವಾಗಿ ಬಂದು, ಮಗುವನ್ನು ಹೆಗಲಿಗೆ ಹಾಕಿಕೊಂಡು ನನ್ನ ಜೊತೆ ಮಸಣದವರೆಗೆ ನಡೆದವರು ಇದೇ ರುದ್ರಪ್ಪ. ಈ ಮಾತನ್ನೂ ಅವರು ಪ್ರೀತಿಯಿಂದಲೇ ಆಡಿದರು. ಅದಕ್ಕೇ ನನ್ನ ಬಾಯಿ ಕಟ್ಟಿಹೋಯಿತು.

ಬಾಯಿ ಕಟ್ಟದೆ ಉಳಿದವಳು ನನ್ನ ಹೆಂಡತಿ ಗಿರಿಜ. ಗಂಡಸರ ನಡುವೆ ಆಕೆ ಮಾತಾಡಿದ್ದನ್ನು ನಾನು ಈ ಹಿಂದೆ ಕೇಳಿಯೇ ಇಲ್ಲ. ಸೆರಗು ಬಿಗಿ ಹಿಡಿದು ಮುಂದೆ ಬಂದಳು.

"ದೊಡ್ಡಪ್ಪ, ನಾನೇನ್ ಕೊಟ್ಟೆ ಅಂದ್ಕಂಡ್ರಾ? ನಾನು ಕೊಡ್ಲಿಲ್ಲ. ಅದು ಕಿತ್ಕಂಡೋಯ್ತು. ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡ್ದಂಗೆ ಐತೆ ನಿಮ್ ಮಾತು."

ಇಷ್ಟೇ ಹೇಳಿ ನೀಲಾಳ ಕೈ ಹಿಡಿದು ಹೊರಟುಹೋದಳು. ಸಭೆ ಅಲ್ಲಿಗೇ ಮುಗಿಯಿತು. ರುದ್ರಪ್ಪನವರ ಕೈ ನನ್ನ ಹೆಗಲ ಮೇಲಿಂದ ಯಾವಾಗ ಇಳಿಯಿತೋ ಗೊತ್ತಾಗಲಿಲ್ಲ.

ಸಂಜೆ ಜೋಪಡಿಗೆ ಬಂದು ನಾನು ಬಹಳ ಧೈರ್ಯವಾಗಿ ಮಾತಾಡಿದೆ. (ಮನೆಯೊಳಗೆ ನಮಗೆಲ್ಲ ಧೈರ್ಯ ಜಾಸ್ತಿ.) "ಚೆನ್ನಾಗಿ ಹೇಳ್ದೆ ಗಿರಿಜ! ನೀಲಾ ಹೋಗೋದು ಬ್ಯಾಡ. ಬೇರೆ ಮಕ್ಕಳು ಹೋಗ್ಲಿ. ಒಂದ್ ವಾರ ನೋಡಾನ. ಏನೂ ಆಗ್ಲಿಲ್ಲ ಅಂದ್ರೆ ಕಳ್ಸಾನ."

ಅವಳು ಮುದ್ದೆ ಕಟ್ಟುತ್ತಿದ್ದ ಕೈ ನಿಲ್ಲಿಸಿದಳು.

"ಅವ್ರು ಹೇಳಿದ್ದೂ ಇದ್ನೇ ಅಲ್ವಾ?"

ತಟ್ಟೆ ಎಳೆದುಕೊಂಡು ಮುದ್ದೆ ನುಂಗಿದೆ.

ಸುಮ್ಮನೆ ಕೂರಿಸಿಕೊಂಡರೆ ಆಯಿತಲ್ಲ, ಇನ್ನೊಂದು ವರ್ಷ ತಾನೇ ಎನ್ನುತ್ತೀರಿ. ಗಂಡು ಹುಡುಗನಾದರೆ ಸರಿ. ಹೆಣ್ಣು ಒಂದು ಸಲ ಶಾಲೆ ಬಿಟ್ಟರೆ ಮತ್ತೆ ಸೇರಿದ್ದನ್ನು ನೀವು ನೋಡಿದ್ದೀರಾ? ಹೊಳವನಹಳ್ಳಿಯ ನನ್ನ ಅಕ್ಕನಿಂದ ಆಗಲೇ ಹೇಳಿಕೆ ಬಂದಿತ್ತು. ತನ್ನ ಮಗನಿಗೆ ನೀಲಾಳನ್ನು ತರಬೇಕೆಂದು ಅವಳಿಗೆ ಎಂದಿನಿಂದಲೋ ಆಸೆ. "ಇಸ್ಕೂಲಂತೂ ಮುಚ್ಚೈತೆ. ಸುಮ್ಕೆ ಯಾಕ್ ಕೂರಿಸ್ಕಂತೀಯ ತಮ್ಮ? ಈ ವರ್ಸವೇ ಮಾಡಿ ಮುಗಿಸ್ಬುಡಾನ" ಎಂದು ಹೇಳಿ ಕಳಿಸಿದ್ದಳು. ಮನೆಯಲ್ಲಿ ಒಂದು ಶುಭಕಾರ್ಯವಾದರೆ ದುಃಖ ಮರೆಯುತ್ತದೆ ಎಂದೂ ಸೇರಿಸಿದ್ದಳು.

ಒಂದು ಕಡೆ ಪ್ಲೇಗು, ಇನ್ನೊಂದು ಕಡೆ ಹತ್ತು ವರ್ಷಕ್ಕೇ ಮದುವೆ. ನಡುವೆ ನೀಲಾ ಜೋಪಡಿ ಮುಂದೆ ಕೂತು ಸ್ಲೇಟಿನ ಮೇಲೆ ಮಗ್ಗಿ ಬರೆದು, ಒರೆಸಿ, ಮತ್ತೆ ಅದನ್ನೇ ಬರೆಯುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಗಿರಿಜ, "ಕಳ್ಸಾನ" ಎಂದಳು.

ನನಗೆ ರೇಗಿಹೋಯಿತು. ನಿನ್ನೆ ಊರವರ ಮುಂದೆ ಅಷ್ಟು ಮಾತಾಡಿದವಳು ಇವಳೇನಾ? ತಲೆ ನೆಟ್ಟಗಿದೆಯಾ ಎಂದು ಕೂಗಾಡಿದೆ. ಅವಳು ಕೂಗಲಿಲ್ಲ.

"ಮಲ್ಲೇಶಿ ಹೋಗಿದ್ದು ಇಸ್ಕೂಲ್ನಾಗಾ? ಇಲ್ಲೇ, ನನ್ ಮಗ್ಗುಲಲ್ಲೇ ಅಲ್ವಾ ಹೋಗಿದ್ದು? ಮಡ್ಲಲ್ಲಿ ಇಟ್ಕಂಡ್ರೂ ಉಳಿಸ್ಕಳ್ಳಾಕ್ ಆಗ್ಲಿಲ್ಲ ನಂಗೆ. ಇವ್ಳನ್ನೂ ಮಡ್ಲಲ್ಲೇ ಇಟ್ಕಂಡು ಏನ್ ಮಾಡ್ಲಿ? ನಂಗಂತೂ ಅಕ್ಸರ ಬರ್ಲಿಲ್ಲ. ಇವ್ಳಿಗಾದ್ರೂ ಬರ್ಲಿ."

"ನಿಂಗೆ ಭಯ ಇಲ್ವಾ?" ಎಂದೆ.

"ಭಯ ಇಲ್ದೆ?" ಎಂದಳು. "ಅಮ್ಮ ತಿರುಗಿ ನೋಡಲ್ಲ ಅಂತ ಅಲ್ಲ ನಾನು ಕಳಿಸ್ತಿರೋದು. ಅದನ್ನ ಅವ್ರಿಗೆ ಹೇಳ್ಬುಡಿ. ಕಳ್ಸಿ ಸುಮ್ಕೆ ಇರಾಕೂ ನನ್ ಕೈಲಿ ಆಗಲ್ಲ. ನಾನೂ ಜೊತೇಲಿ ಹೋಗ್ತೀನಿ."

ಸೋಮವಾರ ಹೋದಳು. ನೀಲಾಳ ತಲೆ ಬಾಚಿ ಎರಡು ಜಡೆ ಹಾಕಿ, ಬುತ್ತಿ ಕಟ್ಟಿಕೊಂಡು, ಮಗಳ ಕೈ ಹಿಡಿದು, ಜೋಪಡಿಗಳ ಸಾಲಿನ ನಡುವೆಯೇ ನಡೆದಳು. ಎಲ್ಲರೂ ಹೊರಗೆ ಬಂದು ನೋಡಿದರು. ನಾನು ಶಾಲೆಯ ಬಾಗಿಲವರೆಗೆ ಹೋಗಿ ನಿಂತೆ. ಒಳಗೆ ಒಬ್ಬ ಮೇಷ್ಟ್ರು, ಒಬ್ಬ ವಿದ್ಯಾರ್ಥಿನಿ. ಗಿರಿಜ ಸುಣ್ಣದ ಗೋಡೆಗೆ ಒರಗಿ ಕೆಳಗೆ ಕೂತಿದ್ದಳು. ಹೆಡ್‌ಮಾಸ್ಟರು ಬೇಡ ಅನ್ನಲಿಲ್ಲ. ಖಾಲಿ ಕೋಣೆಯಲ್ಲಿ ನೀಲಾ ಪಾಠ ಓದುವ ಧ್ವನಿ ಬೀದಿಗೂ ಕೇಳುತ್ತಿತ್ತು. ಅಷ್ಟು ದಿನಗಳಲ್ಲಿ ಪೇಟೆಯಲ್ಲಿ ಕೇಳಿದ ಮೊದಲ ಮಕ್ಕಳ ಧ್ವನಿ ಅದು. ನನಗೆ ಅಳು ತಡೆಯಲಾಗಲಿಲ್ಲ, ಮುಚ್ಚಿಡುವುದೇಕೆ?

ಸಂಜೆ ಬಂದ ಮೇಲೆ ಗಿರಿಜ ಮಗಳ ಕುತ್ತಿಗೆ, ಕಂಕುಳು ಒತ್ತಿ ಒತ್ತಿ ನೋಡಿದಳು. ಆಮೇಲೆ ಅಕ್ಕಪಕ್ಕದ ಹೆಂಗಸರು ಒಬ್ಬೊಬ್ಬರೇ ಬಂದರು. ಒಬ್ಬರ ಕೈಯಲ್ಲಿ ಮಜ್ಜಿಗೆ, ಒಬ್ಬರ ಕೈಯಲ್ಲಿ ಅವರೆಕಾಳು. ಕೊಟ್ಟು, ಹೋಗುವಾಗ ನೀಲಾಳ ಹಣೆ ಮುಟ್ಟಿ, "ಮೈ ತಣ್ಣಗೈತಾ ಕಣಮ್ಮ?" ಎನ್ನುವರು. ಮಂಗಳವಾರವೂ ಹಾಗೇ. ಬುಧವಾರವೂ ಹಾಗೇ. ರುದ್ರಪ್ಪನವರು ಹತ್ತಿರ ಬರಲಿಲ್ಲ, ದೂರದಿಂದಲೇ, "ಹೆಂಗವ್ಳೆ ಮಗ?" ಎಂದು ಕೇಳಿ ಹೋಗುವರು. ಪ್ರೀತಿಯೋ, ಪರೀಕ್ಷೆಯೋ? ಎರಡೂ ಇರಬೇಕು. ಮಜ್ಜಿಗೆಯಂತೂ ಗಿರಿಜ ಯಾರಿಗೂ ಬೇಡ ಅನ್ನಲಿಲ್ಲ.

ಗುರುವಾರ ರುದ್ರಪ್ಪನವರ ಮೊಮ್ಮಕ್ಕಳಿಬ್ಬರೂ ಬಂದರು. ಅಜ್ಜ ದಿನವಿಡೀ ಶಾಲೆಯ ಜಗುಲಿಯ ಮೇಲೆ ಊಟವಿಲ್ಲದೆ ಕೂತಿದ್ದರು. ಶುಕ್ರವಾರ ಇನ್ನೂ ಕೆಲವರು. ನೆಗಡಿಯ ಹುಡುಗಿ ಬಂದಳು. ಪುರವರದ ಅಜ್ಜಿ ಮನೆಯಿಂದ ಗೋಲಿ ಹುಡುಗನೂ "ವಾಪಸ್" ಬಂದ.

ಇದನ್ನು ಬರೆಯುತ್ತಿರುವ ಹೊತ್ತಿನಲ್ಲಿ ನೀಲಾ ಶಾಲೆಯಲ್ಲಿದ್ದಾಳೆ, ಅವಳ ತಾಯಿಯೂ. ಮುಂದೆ ಹೇಗೋ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಹಣೆ ಮುಟ್ಟುವವರೆಗೆ ಇವತ್ತು ಒಳ್ಳೆಯದೆಂದು ಹೇಳುವಂತಿಲ್ಲ. ನಾವು ಮಾಡಿದ್ದು ಸರಿಯೋ ತಪ್ಪೋ ನನ್ನನ್ನು ಕೇಳಬೇಡಿ. ನನಗೆ ಭಯವಾಗಿದೆ, ಅಷ್ಟು ಮಾತ್ರ ಖಂಡಿತವಾಗಿ ಹೇಳಬಲ್ಲೆ.

ನಿನ್ನೆ ಬರಗೂರಿನ ಓದುಗರೊಬ್ಬರಿಂದ ಒಂದು ಕಾರ್ಡು ಬಂತು. ಮಧುಗಿರಿಯಲ್ಲಿ ಶಾಲೆ ತೆರೆದ ಸುದ್ದಿ ಬಸ್ಸಿನವರಿಂದ ತಿಳಿಯಿತಂತೆ. ಅವರೂ ಊರು ಬಿಟ್ಟು ಹೊಲದಲ್ಲಿದ್ದಾರೆ, ಅವರಿಗೂ ಮಕ್ಕಳಿದ್ದಾರೆ. ಬಹಳ ಮರ್ಯಾದೆಯಿಂದ ಬರೆದಿದ್ದಾರೆ: "ನಿಮ್ಮಲ್ಲಿ ಹದಿನೈದು ದಿನ ಹೇಗಿರುತ್ತದೆ ನೋಡಿ, ದಯವಿಟ್ಟು ಅಂಕಣದಲ್ಲಿ ತಿಳಿಸಿ. ಏನೂ ತೊಂದರೆ ಆಗಲಿಲ್ಲ ಎಂದು ಗೊತ್ತಾದರೆ ನಾವೂ ಕಳಿಸುತ್ತೇವೆ."

ಸ್ವಾಮಿ, ಆ ಹದಿನೈದು ದಿನ ನೀವು ಕಾಯುವುದು ಯಾರ ಮಗಳ ಹಣೆ ಮುಟ್ಟಿಕೊಂಡು?