ಕೆರೆಗೆ ಇಳಿಯದ ಕೌದಿಗಳು

ನಮ್ಮೂರು ಹುಣಸಗಿ ಕಡೆಗೆ, ಕಾಲುವೆಯ ಕೊನೆಯಲ್ಲಿದೆ. ಕಾಲುವೆಗೆ ನೀರು ಬಿಟ್ಟಾಗ ಕೆರೆ ತುಂಬಿಸಿಕೊಳ್ಳುತ್ತೇವೆ. ಕಾಲುವೆ ನಿಂತ ಮೇಲೆ, ಬೇಸಿಗೆ ಕಳೆಯುವತನಕ, ಊರಿಗೆಲ್ಲ ಕುಡಿಯಲು ಅದೊಂದೇ ನೀರು. ಅದರಲ್ಲಿ ಯಾರೂ ಬಟ್ಟೆ ಒಗೆಯಬಾರದೆಂದು ಪಂಚಾಯಿತಿ ಠರಾವು ಮಾಡಿದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದ ಮೆಂಬರು ನಾನು. ಏರಿಯ ಆಚೆ ನಳ ಹಾಕಿಸಿ, ಒಗೆಯುವ ಕಟ್ಟೆ ಕಟ್ಟಿಸಿದೆವು.

ತಕರಾರು ಬಂದದ್ದು ಸಾವಿನ ಮನೆಗಳಿಂದ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಅವರ ಹಾಸಿಗೆ, ಹೊದ್ದ ಕೌದಿಗಳನ್ನು ಮನೆಯ ಹೆಂಗಸರೆಲ್ಲ ಸೇರಿ ಕೆರೆಗೆ ಒಯ್ದು ತೊಳೆಯಬೇಕು. ನಳದ ನೀರಿಗೆ ಸೂತಕ ಕಳೆಯುವುದಿಲ್ಲವಂತೆ. ಎದುರು ಮನೆಯ ಮುದುಕಿ ಗಂಡನ ಕೌದಿ ಹೊತ್ತು ಬಂದಾಗ ನಾನೇ ಏರಿಯ ಮೇಲೆ ನಿಂತು ತಡೆದಿದ್ದೆ. ಅಳುತ್ತಲೇ ಆಕೆ ಕಟ್ಟೆಯ ಮೇಲೆ ಒಗೆದಳು. ನಾನು ಮಾಡಿದ್ದು ಸರಿ ಎಂದು ಈಗಲೂ ಅನ್ನುತ್ತೇನೆ.

ಈ ಬೇಸಿಗೆಯಲ್ಲಿ ನಮ್ಮ ಮಾವ ತೀರಿಕೊಂಡರು. ಮಣ್ಣು ಮುಗಿದ ಎರಡು ದಿನಕ್ಕೆ ಅತ್ತೆ ಹಾಸಿಗೆಯ ಗಂಟು ಹೊತ್ತು ನೆಟ್ಟಗೆ ಕೆರೆಯ ಮೆಟ್ಟಿಲಿಗೆ ನಡೆದರು. ಹಿಂದೆ ನೆಗೆಣ್ಣಿಯರು. ನಾನು ಓಡಿಹೋಗಿ ಅಡ್ಡ ನಿಂತೆ.

“ಅತ್ತಿ, ಕಟ್ಟಿ ಮ್ಯಾಲ ಒಗಿಯೂಣು ಬರ್ರಿ.”

“ನಿನ್ನ ಮೆಂಬರ್ ಮಾಡಿದವರು ಅವರು,” ಎಂದರು ಅತ್ತೆ. “ಮನಿಮನಿ ತಿರುಗಿ ಕೈ ಮುಗದಾರ. ಅವರ ಕೌದಿಗೆ ನಿನ್ನ ಕೆರಿಯಾಗ ಜಾಗ ಇಲ್ಲೇನು?”

ಅದು ಸುಳ್ಳಲ್ಲ. ಹೆಂಗಸರ ಸೀಟು ಬಂದಾಗ ಮನೆಯಲ್ಲಿ ಎಲ್ಲರೂ ಬೇಡವೆಂದರೂ ನನ್ನ ಹೆಸರು ಹೇಳಿದವರು ಮಾವ. ಅಷ್ಟರಲ್ಲಿ ಏರಿಯ ಮೇಲಿಂದ ಎದುರು ಮನೆಯ ಮುದುಕಿ ಕೂಗಿದಳು:

“ಏನವಾ ಮೆಂಬರ, ನಮ್ಮ ಸೂತಕ ಬ್ಯಾರೆ, ನಿಮ್ಮ ಸೂತಕ ಬ್ಯಾರೆ ಐತೇನು?”

ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದೆ. ಕೆರೆಗೆ ಬಿದ್ದುಬಿಡಲೇ ಅನ್ನಿಸಿತು. ಅದಕ್ಕೂ ನಮ್ಮದೇ ಠರಾವು ಅಡ್ಡ. ಹಾದಿ ಮಾತ್ರ ಬಿಡಲಿಲ್ಲ. ಅತ್ತೆ ಗಂಟನ್ನು ನನ್ನ ಕಾಲ ಬಳಿ ಎಸೆದು ತಿರುಗಿ ಹೋದರು. ಉಳಿದವರೂ ಅವರ ಹಿಂದೆಯೇ ಹೋದರು.

ಎಲ್ಲರೂ ಕೂಡಿ ಒಗೆಯಬೇಕಾದ ಕೌದಿಗಳನ್ನು ಕಟ್ಟೆಯ ಮೇಲೆ ನಾನೊಬ್ಬಳೇ ಒಗೆದೆ. ನೆನೆದ ಕೌದಿ ಎತ್ತಲು ಬರುತ್ತಿರಲಿಲ್ಲ. ಅದರಲ್ಲಿ ಮಾವನ ಬೀಡಿಯ ವಾಸನೆ ಇನ್ನೂ ಇತ್ತು, ಅಳು ತಡೆಯಲಾಗಲಿಲ್ಲ. ಮುದುಕಿ ಕೊನೆಯವರೆಗೂ ಕೂತು ನೋಡಿದಳು, ಒಂದು ತುದಿ ಹಿಡಿಯಲು ಸಹ ಬರಲಿಲ್ಲ. ಆಕೆಯನ್ನು ಯಾವ ಬಾಯಿಯಿಂದ ಬೈಯಲಿ?

ಈ ಸಲ ಕೆರೆ ತಿಳಿಯಾಗಿದೆ. ಸಭೆಯಲ್ಲಿ ನನ್ನನ್ನು ಹೊಗಳಿದರು, ಹಾರ ಹಾಕಿದರು. ಆ ನೀರೇ ನಮ್ಮ ಓಣಿಯ ನಳಕ್ಕೆ ಬರುತ್ತದೆ. ಅತ್ತೆ ನೋಯುವ ಮೊಣಕಾಲು ಹಿಡಿದುಕೊಂಡು ಹೋಗಿ ತಮ್ಮ ತಂಬಿಗೆಯನ್ನು ತಾವೇ ತುಂಬಿಕೊಂಡು ಬರುತ್ತಾರೆ. ಒಂದೇ ಒಲೆ, ಒಂದೇ ಪಡಸಾಲೆ. ನಾನೂ ಎಲ್ಲಿಗೂ ಹೋಗಲಾರೆ, ಅವರೂ ಹೋಗಲಾರರು. ನಾನು ತುಂಬಿಟ್ಟ ಕೊಡದ ನೀರನ್ನು ಅವರು ಕುಡಿಯುವುದಿಲ್ಲ.