ಮೂರು ಕಂಪನಿ ದಾಟಿ ಬಂದ ಷರಾ

ಹೊಸ ವರ್ಷಕ್ಕೆ ನಮ್ಮ ಕಾರ್ಖಾನೆಯ ಗೋಡೆಗೆ ಬರುವ ಕ್ಯಾಲೆಂಡರುಗಳಲ್ಲಿ ಒಂದು ಮಾತ್ರ ಹೆಸರು ಬದಲಿಸಿಕೊಳ್ಳುತ್ತಲೇ ಇದೆ ಎಂಬ ಸಂಗತಿ ನನ್ನ ಗಮನಕ್ಕೆ ಬಂದದ್ದು ಮೊಳೆ ಹೊಡೆಯುವಾಗ. ಮೊದಮೊದಲು ಅದನ್ನು ನಮಗೆ ಸಾಫ್ಟ್‌ವೇರ್ ಮಾರಿದ ಕುಲಕರ್ಣಿಯವರು ಸಾನಪಾಡಾದಿಂದ ಸ್ವತಃ ತಂದು, ಗಣಪತಿ ನೆಟ್ಟಗೆ ಕೂತಿದ್ದಾನೆಯೇ ಎಂದು ದೂರ ನಿಂತು ಪರೀಕ್ಷಿಸಿ, ಚಹಾ ಕುಡಿದು ಹೋಗುತ್ತಿದ್ದರು. ಆಮೇಲೆ ಅದೇ ಕ್ಯಾಲೆಂಡರು ಅವರ ಕಂಪನಿಯನ್ನು ಕೊಂಡ ಪುಣೆಯ ಕಂಪನಿಯೊಂದರ ಹೆಸರಿನಲ್ಲಿ ಕೊರಿಯರ್ ಮೂಲಕ ಬಂತು. ಗಣಪತಿಯ ಜಾಗದಲ್ಲಿ ಗುಲಾಬಿ ತೋಟವಿತ್ತು. ಈ ವರ್ಷ ಪುಣೆಯವರನ್ನೂ ಕೊಂಡುಕೊಂಡ ಮಹಾಕಂಪನಿಯೊಂದರಿಂದ ಬರಿಯ ಇ-ಮೇಲ್ ಬಂತು: ಕಾಗದ ಉಳಿಸುವ ಉದ್ದೇಶದಿಂದ ಕ್ಯಾಲೆಂಡರು ಇಲ್ಲ, ತಾರೀಖನ್ನು ಪರದೆಯ ಮೇಲೆಯೇ ನೋಡಿಕೊಳ್ಳತಕ್ಕದ್ದು. ಹೀಗೆ ನಾನು ಕೂತಲ್ಲೇ ಕೂತಿದ್ದರೂ ಎರಡು ಸಲ ಮಾರಾಟವಾದೆ. ಜೀವಮಾನವಿಡೀ ಚೌಕಾಸಿ ಮಾಡಿದವನನ್ನು ಒಂದು ಮಾತೂ ಕೇಳದೆ ಮಾರಿಬಿಟ್ಟರಲ್ಲ, ನನಗೆ ಬಂದ ಬೆಲೆಯಾದರೂ ಎಷ್ಟಿತ್ತು ಎಂಬ ಕುತೂಹಲ ಇಂದಿಗೂ ತಣಿದಿಲ್ಲ.

ನಾನು ಉಡುಪಿ ಕಡೆಯವನು. ಲೋಕಲ್ ಗಾಡಿಯಲ್ಲಿ ಸೌಟು, ಜಾಲರಿಗಳ ಚೀಲ ಹೊತ್ತು ಹೋಟೆಲಿಂದ ಹೋಟೆಲಿಗೆ ಅಲೆದವನು, ಈಗ ಮನೆ ಡೊಂಬಿವಲಿಯಲ್ಲೂ ಕೆಲಸ ಅಂಬರನಾಥದ ಒಂದು ಶೆಡ್ಡಿನಲ್ಲೂ ಆಗಿ, ದೋಸೆಯ ತವಾ, ಇಡ್ಲಿಯ ಅಳಗೆ ತಯಾರಿಸುವವನು. ಇಂಥವನಿಗೆ ಇ.ಆರ್.ಪಿ. ಎಂಬ ಮೂರಕ್ಷರದ ಮಂತ್ರವೇಕೆ ಎಂದು ನೀವು ಕೇಳುವುದು ನ್ಯಾಯವೇ. ಬಂದ ತಗಡು, ಕೊಟ್ಟ ಮಾತು, ಆಗಬೇಕಾದ ಕೆಲಸ, ಹೊರಟ ಮಾಲು ಇವೆಲ್ಲ ಒಂದೇ ಕಡೆ ಕೂತು ಪರಸ್ಪರ ಮಾತನಾಡುವಂತೆ ಮಾಡುವ ಸಾಫ್ಟ್‌ವೇರ್ ಅದು. ಹಿಂದೆ ಉಕ್ಕಿನ ಕಾರ್ಖಾನೆಗಳಂಥ ದೊಡ್ಡವರ ಸೊತ್ತಾಗಿತ್ತು. ಈಗ ಕಲ್ಯಾಣದ ಹಪ್ಪಳದವರ ಬಳಿಯೂ ಇದೆ. ಕೊಳ್ಳುವವರು ಹೆಚ್ಚಿದಂತೆಲ್ಲ ಮಾರುವವರು ಒಬ್ಬರನ್ನೊಬ್ಬರು ಕೊಂಡುಕೊಳ್ಳುತ್ತ ಕಡಿಮೆಯಾಗುವುದು ಈ ಪೇಟೆಯ ವಿಚಿತ್ರ ವಿಧಿ.

ನನಗೆ ಅದನ್ನು ಮಾರಿದವರು ವಿಜಯಪುರದ ಕುಲಕರ್ಣಿ, ಸಾನಪಾಡಾದ ಎರಡು ಕೋಣೆಯಲ್ಲಿ ಕೂತು ಸಾಫ್ಟ್‌ವೇರ್ ಬರೆಯುತ್ತಿದ್ದ ಸಜ್ಜನ. ಮೂರು ಭೇಟಿ, ಎಂಟು ಲೋಟ ಚಹಾ ಆದ ಮೇಲೂ ಅವರು ಬೆಲೆ ಇಳಿಸದಿದ್ದಾಗ ನಾನು ಅವರ ಸೇವೆಗಳ ಪಟ್ಟಿಯನ್ನೇ ಇಳಿಸತೊಡಗಿದೆ. ಕೊನೆಯ ಸಾಲಿನಲ್ಲಿ 'ಸಿಬ್ಬಂದಿಗೆ ಎರಡು ದಿನ ತರಬೇತಿ' ಎಂದಿತ್ತು. ಕಲಿಯುವುದಕ್ಕೂ ಕಾಸೇ, ನಾನು ಯಾರಿಗೆ ಫೀಸು ಕೊಟ್ಟು ತವಾ ಮಾಡಲು ಕಲಿತೆ ಎಂದು ಅದನ್ನು ಹೊಡೆದುಹಾಕಿ, ದಿಗ್ವಿಜಯಿಯಂತೆ ಕಲ್ಯಾಣದ ಗಾಡಿ ಹತ್ತಿದೆ. ಓದುಗ ಮಹಾಶಯರೇ, ನಿಮಗೂ ಚೌಕಾಸಿಯ ಚಪಲವಿದ್ದರೆ ಈ ಒಂದು ಸಾಲನ್ನು ಮಾತ್ರ ಮುಟ್ಟಬೇಡಿ.

ತರಬೇತಿಯಿಲ್ಲದ ಆ ಸಾಫ್ಟ್‌ವೇರಿನ ಮುಂದೆ ಕೂತವನು ನಮ್ಮ ದಾಸ್ತಾನಿನ ಶರಣಪ್ಪ. ಕಲಬುರಗಿಯಿಂದ ಹಮಾಲಿಗೆ ಬಂದು, ಐವತ್ತರ ಅಂಚಿನಲ್ಲಿ ನಮ್ಮ ಶೆಡ್ಡಿನ ಜ್ಞಾಪಕಶಕ್ತಿಯಾದವನು. ಪರದೆಯ ಪ್ರತಿ ಖಾನೆಯೂ ಅವನನ್ನು ಸಂಖ್ಯೆ ಕೇಳುತ್ತಿತ್ತು, ಸಂಕೇತ ಕೇಳುತ್ತಿತ್ತು, ತಪ್ಪಾದರೆ ಕೆಂಪಾಗುತ್ತಿತ್ತು. ತಳದಲ್ಲಿದ್ದ 'ಷರಾ' ಎಂಬ ಪೆಟ್ಟಿಗೆ ಮಾತ್ರ ಏನು ಬರೆದರೂ ಸುಮ್ಮನಿರುತ್ತಿತ್ತು. ಶರಣಪ್ಪ ಅದನ್ನೇ ಒಲಿಸಿಕೊಂಡ. ಇಂಗ್ಲಿಷ್ ಅಕ್ಷರಗಳಲ್ಲಿ, ಅಪ್ಪಟ ಕಲಬುರಗಿಯ ಕನ್ನಡದಲ್ಲಿ, ಒಂದೊಂದೇ ಬೆರಳಿನಿಂದ ವರ್ಷಗಟ್ಟಲೆ ಬರೆದ. ಮಾಜಿವಾಡಾದ ಹೋಟೆಲಿನ ದೋಸೆಯವನು ಎಡಗೈಯವನು, ತವಾದ ಎಣ್ಣೆ ಇಳಿಯುವ ಕಾಲುವೆ ಎಡಕ್ಕೇ ಇರಬೇಕು. ಕಲ್ಯಾಣದವರಿಗೆ ಮಾಲು ಬೆಳಿಗ್ಗೆ ಏಳರೊಳಗೆ ಇಳಿಸಬೇಕು, ತಡವಾದರೆ ತಿಂಡಿಯ ಗಿರಾಕಿಗಳ ಮುಂದೆಯೇ ಬೈಯುತ್ತಾರೆ. ವಾಶಿಯಲ್ಲಿ ಇಡ್ಲಿ ಮಾರುವ ಅಮ್ಮನಿಗೆ ಮಣಿಕಟ್ಟಿನ ನೋವು, ಅಳಗೆಯ ಹಿಡಿ ದಪ್ಪವಿರಲಿ. ಗಿರಾಕಿಗಳು ಬಜಾರಿನ ಸಿದ್ಧ ತವಾ ಬಿಟ್ಟು ನನ್ನಲ್ಲಿಗೆ ಬರುವುದು ಇಂಥ ನೂರಾರು ಷರಾಗಳ ಪುಣ್ಯದಿಂದ; ಅದು ನನ್ನ ವ್ಯವಹಾರಚಾತುರ್ಯದ ಫಲ ಎಂದು ನಾನು ಬಹುಕಾಲ ನಂಬಿದ್ದೆ.

ಮಹಾಕಂಪನಿಯವರು ನಮ್ಮನ್ನು ತಮ್ಮ ದೊಡ್ಡ ಸಾಫ್ಟ್‌ವೇರಿಗೆ ಸ್ಥಳಾಂತರಿಸುವುದಾಗಿಯೂ ತಿಂಗಳ ಕೊನೆಗೆ ಹಳೆಯದನ್ನು ಮುಚ್ಚುವುದಾಗಿಯೂ ತಿಳಿಸಿದರು. ಜೊತೆಗೆ, ಯಂತ್ರವೇ ಪತ್ತೆಹಚ್ಚಿದ ಅಳಿಸಬೇಕಾದ ಕಸದ ಪಟ್ಟಿಯೊಂದನ್ನು ಒಪ್ಪಿಗೆಗಾಗಿ ಕಳಿಸಿದ್ದರು. ನಾನು ಕನ್ನಡಕ ಏರಿಸಿ ನೋಡಿದರೆ, ಶರಣಪ್ಪನ ಷರಾಗಳೆಲ್ಲವೂ ಅದರಲ್ಲಿದ್ದವು! ಇಂಗ್ಲಿಷಿನ ವೇಷ ತೊಟ್ಟ ಕನ್ನಡವನ್ನು ಯಂತ್ರವು ಬೆಕ್ಕು ಕೀಲಿಮಣೆಯ ಮೇಲೆ ನಡೆದದ್ದರ ಫಲ ಎಂದು ತೀರ್ಮಾನಿಸಿತ್ತು. ಕುಲಕರ್ಣಿಯವರಿಗೆ ಫೋನಾಯಿಸಿದೆ. ಅವರು ಕಂಪನಿ ಮಾರಿ ನಿವೃತ್ತಿಯ ಸುಖದಲ್ಲಿದ್ದರು.

"ನನ್ನ ಕೈಯಾಗ ಈಗ ಏನೂ ಇಲ್ರಿ. ಖುದ್ದು ಹೋಗಿ ಕೂತು ಮಾತಾಡ್ರಿ, ಅದು ನಿಮಗ ಬರತದಲ್ಲ."

ಹೋದೆವು. ಠಾಣೆಯಲ್ಲಿ ಗಾಡಿ ಬದಲಿಸಿ, ನವಿ ಮುಂಬಯಿಯ ಗಾಜಿನ ಕಟ್ಟಡಕ್ಕೆ, ನಾನು ಮತ್ತು ಶರಣಪ್ಪ, ಜೊತೆಗೆ ಸಾಕ್ಷಿಗೆಂದು ಅವನು ಹೊತ್ತು ತಂದ ಒಂದು ಎಡಗೈ ತವಾ. ಬಾಗಿಲ ಕಾವಲಿನವನು "ಕ್ಯಾಂಟೀನ್ ಪೀಛೇ ಹೈ" ಎಂದು ನಮ್ಮನ್ನು ಹಿಂಬಾಗಿಲಿಗೆ ಕಳಿಸಿದ; ಮಹಾಸಂಸ್ಥೆಗೆ ನಮ್ಮ ಪ್ರವೇಶವಾದದ್ದು ಪಾತ್ರೆ ತೊಳೆಯುವ ಜಾಗದ ಮೂಲಕ.

ನಮ್ಮ ಕಡತ ಶ್ರಾವ್ಯಾ ಎಂಬ ಹುಡುಗಿಯ ಕೈಯಲ್ಲಿತ್ತು. ಡೊಂಬಿವಲಿಯಲ್ಲೇ ಹುಟ್ಟಿದವಳು. ಅವಳು ಪಟ್ಟಿಯ ಮೊದಲ ಸಾಲನ್ನು ಎಡವುತ್ತ ಓದಿದಳು, ಎರಡನೆಯದನ್ನು ಎಡವದೆ ಓದಿದಳು, ಮೂರನೆಯದಕ್ಕೆ ನಕ್ಕೇಬಿಟ್ಟಳು.

"ಅರೇ, ಹೇ ತರ ಕಾನಡೀ ಆಹೇ! ಕನ್ನಡಾನೇ ಇದು! ನಮ್ಮ ಅಜ್ಜಿ ಹೀಂಗೇ ಮಾತಾಡ್ತಿದ್ಲು. ಅಂಕಲ್, ಹಮಾರೇ ಮಷೀನ್ ನೇ ಇಸಕೋ ಕಚರಾ ಬೋಲಾ?"

"ಕಚರಾ ಅಲ್ಲವ್ವಾ ಮಗಳ," ಎಂದ ಶರಣಪ್ಪ, ತವಾವನ್ನು ಅವಳ ಮೇಜಿನ ಮೇಲಿಟ್ಟು ಕಾಲುವೆ ತೋರಿಸುತ್ತ. "ಇದರಾಗ ಮಂದಿ ಅದಾರ. ಇದನ್ನ ಅಳಿಸಿದ್ರ ನಾಳಿ ನಾ ಯಾರಿಗಿ ಏನ್ ಕೊಡಬೇಕು?"

ಹುಡುಗಿ ತನ್ನ ಮೇಲಧಿಕಾರಿಯನ್ನು ಕರೆತಂದಳು. ಅವನು ತವಾವನ್ನೂ ನಮ್ಮನ್ನೂ ನೋಡಿ, ಉದ್ದದ ಷರಾಗಳಿಗೆ ಪ್ರತ್ಯೇಕ ಪೆಟ್ಟಿಗೆ ಜೋಡಿಸಬಹುದು, ಶ್ರಾವ್ಯಾ ಓದಿ ದೃಢೀಕರಿಸಿದರೆ ಒಂದೂ ಅಳಿಯುವುದಿಲ್ಲ, ಆದರೆ ಅದಕ್ಕೆ ಬೇರೆ ದರವಿದೆ ಎಂದು ದರ ಹೇಳಿದ. ನನ್ನ ಬಾಯಿ ತಾನಾಗಿಯೇ ತೆರೆಯಿತು. ಅರ್ಧಕ್ಕೆ ಕೇಳುವುದು ನನ್ನ ಉಸಿರಾಟದ ಕ್ರಮ. ಮೇಜಿನಡಿ ಶರಣಪ್ಪನ ಪಾದ ನನ್ನ ಪಾದದ ಮೇಲೆ ಕೂತಿತು.

"ಮಾಲಕ್ರ," ಎಂದು ಪಿಸುಗುಟ್ಟಿದ, "ಹ್ವಾದ ಸಲ ಕಡಿಮಿ ಮಾಡಿಸಿದ್ದು ಸಾಕಾಗಿಲ್ಲೇನ್ರಿ?"

ಎರಡು ದಿನದ ತರಬೇತಿಯನ್ನು ನಾನು ಹೊಡೆದುಹಾಕಿದ್ದರಿಂದಲೇ ಅವನ ಅಷ್ಟೂ ವಿದ್ಯೆ ಒಂದೇ ಪೆಟ್ಟಿಗೆಯಲ್ಲಿ ಬಚ್ಚಿಟ್ಟುಕೊಂಡು ಕಸದಂತೆ ಕಂಡದ್ದು. ಅದು ಅವನಿಗೆ ಮೊದಲಿಂದಲೂ ಗೊತ್ತಿತ್ತು, ಹೇಳಿರಲಿಲ್ಲ, ಅಷ್ಟೇ. ಅಧಿಕಾರಿ ಹೇಳಿದ ದರಕ್ಕೇ ನಾನು ಒಪ್ಪಿದೆ. ಒಪ್ಪಿ, ಬಾಳಿನಲ್ಲಿ ಮೊದಲ ಬಾರಿಗೆ ಪಟ್ಟಿಗೆ ನಾನಾಗಿಯೇ ಒಂದು ಸಾಲು ಸೇರಿಸಿದೆ: ಎರಡಲ್ಲ, ಮೂರು ದಿನ ತರಬೇತಿ, ಶರಣಪ್ಪನಿಗೆ, ಅಂಬರನಾಥದಲ್ಲೇ, ಕಲಿಸಲು ಈ ಹುಡುಗಿಯೇ ಬರಬೇಕು. ಅಧಿಕಾರಿ ಅನುಮಾನದಿಂದ ನನ್ನನ್ನು ದಿಟ್ಟಿಸಿದ. ಇಷ್ಟು ಬೇಗ ಒಪ್ಪುವ ಗಿರಾಕಿಯಲ್ಲಿ ಏನೋ ದೋಷವಿರಬೇಕೆಂದು ಅವನಿಗೂ ಅನ್ನಿಸಿರಬೇಕು.

ದೊಡ್ಡವರು ಸಣ್ಣವರನ್ನು ಕೊಳ್ಳುವುದರಲ್ಲಿ ಎಲ್ಲವೂ ಕೆಟ್ಟದ್ದೆಂದು ನಾನು ಗೊಣಗಲಾರೆ. ಕುಲಕರ್ಣಿಯವರಿಗೆ ಕಾಮಾಲೆಯಾದಾಗ ನಮ್ಮ ಸಾಫ್ಟ್‌ವೇರೂ ಹಾಸಿಗೆ ಹಿಡಿದಿತ್ತು. ಈಗ ಒಬ್ಬರಿಲ್ಲದಿದ್ದರೆ ಇನ್ನೊಬ್ಬರು ಫೋನ್ ಎತ್ತುತ್ತಾರೆ. ಆದರೆ ಎಷ್ಟೇ ಬೃಹತ್ತಾದ ವಿಲೀನದ ಒಳಗೂ, ನಮ್ಮ ಬರಹವನ್ನು ಗಟ್ಟಿಯಾಗಿ ಓದಿ ನಗಬಲ್ಲ ಒಬ್ಬರು ಎಲ್ಲೋ ಕೂತಿರುತ್ತಾರೆ. ಅವರನ್ನು ಹುಡುಕುವವರೆಗೆ 'ಒಪ್ಪಿಗೆ' ಎಂಬ ಗುಂಡಿಯನ್ನು ಒತ್ತಬೇಡಿ. ಇದು ನನ್ನ ಉಚಿತ ಸಲಹೆ, ಇದರಲ್ಲೂ ಕೊಸರು ಕೇಳಬೇಡಿ.

ಶ್ರಾವ್ಯಾ ಮೂರು ದಿನ ಬಂದಳು. ಶರಣಪ್ಪ ಖಾನೆಗಳನ್ನು ಕಲಿತ. ಅವಳು ಅವನಿಂದ ಅಳಗೆಗೆ 'ಅಳಗಿ', ಜಾಲರಿ ಸೌಟಿಗೆ 'ಜಾರಿ' ಎನ್ನುವುದನ್ನು ಕಲಿತಳು. ಕೊನೆಯ ಮಧ್ಯಾಹ್ನ ಷರಾಗಳೆಲ್ಲ ಹೊಸ ಮನೆ ಸೇರಿದ ಮೇಲೆ, ಅವಳು ತನ್ನ ಕಂಪನಿಯ ಪರದೆ ತೆರೆದು, ಗಿರಾಕಿಗಳ ಪಟ್ಟಿಯಲ್ಲಿ ನನ್ನ ಹೆಸರು ಹುಡುಕಿದಳು. ಅದರ ಮುಂದಿನ ಪೆಟ್ಟಿಗೆ ಖಾಲಿಯಿತ್ತು.

"ನಿಮ್ಮ ಬಗ್ಗೆ ಯಾರೂ ಏನೂ ಬರ್ದಿಲ್ಲ ಅಂಕಲ್," ಎಂದು, ಒಂದೊಂದೇ ಅಕ್ಷರ ಒತ್ತುತ್ತ ಕನ್ನಡದಲ್ಲಿ ಬರೆದಳು: ಇವರು ತುಂಬಾ ಚೌಕಾಸಿ ಮಾಡ್ತಾರೆ, ಟೈಮ್ ಕೊಡಿ.

ಶರಣಪ್ಪ ಬಗ್ಗಿ ನೋಡಿದ. "ಚಹಾ ಛಲೋ ಕೊಡತಾರ ಅಂತನೂ ಸೇರಿಸವ್ವಾ. ಮುಂದ ಯಾರು ಕೊಂಡ್ರೂ ಅವರಿಗಿ ಗೊತ್ತಿರಲಿ."

ಅವಳು ಅದನ್ನೂ ಸೇರಿಸಿ ಗುಂಡಿ ಒತ್ತಿದಳು. ಯಂತ್ರ ಒಂದು ಕ್ಷಣ ಯೋಚಿಸಿ, ಇಡೀ ಸಾಲನ್ನು ಒಪ್ಪಿಕೊಂಡಿತು.