ಎಂಟು ದಾರದ ನೀರು

ಮೊನ್ನೆ ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ನೀರಿನ ಬಾಟ್ಲಿ ಕೊಂಡೆ. ಎರಡು ಗುಟುಕು ಕುಡಿದು, ಉಳಿದದ್ದನ್ನು ಚೆಲ್ಲಲು ಬಗ್ಗಿದವನು ಹಾಗೇ ನಿಂತುಬಿಟ್ಟೆ. ಓಬಣ್ಣ ಚಿಕ್ಕಪ್ಪ ನೆನಪಾದ. ನೀವು ನಕ್ಕರೆ ನಗಿ. ಒಂದು ಕಾಲಕ್ಕೆ ನಾನೂ ನಕ್ಕವನೇ.

ಚಿಕ್ಕಪ್ಪ ದೊಡ್ಡಉಳ್ಳಾರ್ತಿಯಲ್ಲಿ ಕಂಬಳಿ ನೇಯುತ್ತಿದ್ದ. ತೊಂಬತ್ತರ ದಶಕದ ಕೊನೆಯಲ್ಲಿ ಜಪಾನಿನ ಕೈಮಗ್ಗ ಮೇಳವೊಂದರಿಂದ ಅವನಿಗೆ ಕರೆ ಬಂತು. ನಾನು ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು, ಹಾಗಾಗಿ ದುಭಾಷಿಯಾಗಿ ಜೊತೆಗೆ ಹೊರಟೆ. ನನ್ನ ಇಂಗ್ಲಿಷು ನಮ್ಮ ಸೀಮೆಯ ದೇವಸಮುದ್ರ ಅನ್ನೋ ಹಳ್ಳಿಯಾಚೆ ಓಡಿದ್ದನ್ನು ಯಾರೂ ಕಂಡಿರಲಿಲ್ಲ, ಆ ಮಾತು ಬೇರೆ.

ಹೊರಡುವಾಗ ಅಜ್ಜಿ ಬಾವಿ ನೀರನ್ನು ದೊಡ್ಡ ಬಾಟ್ಲಿಗೆ ತುಂಬಿ ಮಗನ ಕೈಗಿಟ್ಟಳು. “ಪರದೇಶದ ನೀರು ಮೈಗೆ ಹಿಡಿಯಲ್ಲ. ದಿನಾ ಇದನ್ನ ಒಂದೀಟು ಕುಡಿ, ನೆಟ್ಟಗೆ ವಾಪಸ್ ಬರ್ತೀಯ.”

ಎಂಟು ದಿನಕ್ಕೆ ಎಂಟು ಉಣ್ಣೆ ದಾರ ಬಾಟ್ಲಿಗೆ ಸುತ್ತಿ ಚಿಕ್ಕಪ್ಪ ಅಳತೆ ಮಾಡಿಕೊಂಡ. ದಿನಕ್ಕೊಂದು ದಾರ, ಒಂದು ಹನಿ ಹೆಚ್ಚಿಲ್ಲ. ರೈಲಿನಲ್ಲಿ ನಾನು ಒಂದು ಗುಟುಕು ಕೇಳಿದರೆ, “ಅವ್ವ ನಂಗೆ ಕೊಟ್ಟಿರೋದು ಕಣಲೇ” ಅಂದ. ಆ ನೀರು ತಪ್ಪಿದರೆ ಊರು ಸೇರುವುದಿಲ್ಲ ಎಂಬ ಭಯ ಅವನಿಗೆ ನಿಜಕ್ಕೂ ಇತ್ತು.

ಮೂರನೆಯ ದಿನ ಹಿರೋಶಿಮಾಗೆ ಹೋದೆವು. ಬಾಂಬು ಬಿದ್ದ ಊರು. ನಾನು ಕ್ಯಾಮೆರಾ ಹಿಡಿದು ಅಡ್ಡಾಡುತ್ತಿದ್ದೆ. ಊರು ತೋರಿಸಲು ಬಂದಿದ್ದ ಮುದುಕಿ ನಿಧಾನವಾದ ಇಂಗ್ಲಿಷಿನಲ್ಲಿ, ಮೈ ಸುಟ್ಟವರೆಲ್ಲ ನೀರು ನೀರು ಎನ್ನುತ್ತಲೇ ಸತ್ತರು ಎಂದಳು. ಚಿಕ್ಕಪ್ಪನಿಗೆ ಹೇಳಿದೆ.

“ಯಾರೂ ಕೊಡ್ಲಿಲ್ವಾ?”

“ಕೊಡೋರೂ ಸುಟ್ಟೋಗಿದ್ರು ಚಿಕ್ಕಪ್ಪ.”

ಚಪ್ಪಲಿ ಬಿಟ್ಟ. ಮುಚ್ಚಳ ತೆಗೆದ. ಇನ್ನೂ ಐದು ದಾರದ ನೀರಿತ್ತು. ಸ್ಮಾರಕದ ಕಲ್ಲಿನ ಮುಂದೆ ಸುರಿಯತೊಡಗಿದ.

“ಅಯ್ಯೋ, ಪೊಲೀಸ್ನೋರು ಹಿಡೀತಾರೆ! ಅಜ್ಜಿ ಏನಂದಿದ್ಲು?” ಅಂತ ರಟ್ಟೆ ಜಗ್ಗಿದೆ.

“ಬಿಡಲೇ, ಅವ್ರಿಗೆ ಬಾಯಾರೈತೆ.”

ಪೂರ್ತಿ ಸುರಿದ. ನಾನು ಆ ಮುದುಕಿಗೆ ನಾಲ್ಕೈದು ಸಲ “ಸಾರಿ” ಅಂದೆ. ಆಕೆ ಚಿಕ್ಕಪ್ಪನಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದಳು. ನಾವೂ ಇಲ್ಲಿ ಸತ್ತವರಿಗೆ ನೀರೇ ಇಡುವುದು ಎಂದಳು. ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಸಂಜೆ ಚಿಕ್ಕಪ್ಪ ಕಣ್ಣುಮುಚ್ಚಿ ನಲ್ಲಿ ನೀರು ಕುಡಿದ. ಅವನಿಗೇನೂ ಆಗಲಿಲ್ಲ, ಹೊಟ್ಟೆ ಕೆಟ್ಟಿದ್ದು ನನ್ನದು.

ಊರಿಗೆ ಬಂದಾಗ ಅಜ್ಜಿ ಖಾಲಿ ಬಾಟ್ಲಿ ತಿರುಗಿಸಿ ನೋಡಿದಳು. “ನೀರು ಸಾಕಾಯ್ತೇನೋ?”

“ಇಲ್ಲವ್ವ. ಅಲ್ಲಿ ಬಾಯಾರಿದೋರು ಭಾಳ ಜನ ಇದ್ರು.”

ಎಲ್ಲ ಕೇಳಿಸಿಕೊಂಡು ಅಜ್ಜಿ ಅಂದದ್ದು ಇಷ್ಟೇ: “ಇನ್ನೊಂದು ಬಾಟ್ಲಿ ಕೊಡಬೇಕಿತ್ತು ನಾನು.”

ಮೊನ್ನೆ ಚಳ್ಳಕೆರೆಯಲ್ಲಿ ಇದೆಲ್ಲ ನೆನೆಯುತ್ತ ನಿಂತಿದ್ದಾಗ ಮೊಳಕಾಲ್ಮುರು ಬಸ್ ಬಂತು. ಬಾಟ್ಲಿಗೆ ಮುಚ್ಚಳ ಬಿಗಿದು ಹತ್ತಿದೆ. ಪಕ್ಕದಲ್ಲಿ ಹೆಗಲ ಮೇಲೆ ಕಂಬಳಿ ಹೊದ್ದ ಹಿರಿಯರೊಬ್ಬರು ಕೂತಿದ್ದರು. ಅವರೇನೂ ಕೇಳಲಿಲ್ಲ. ನಾನೇ ಕೇಳಿದೆ: “ನೀರು ಕುಡೀತೀರೇನ್ರಿ?”